ಕಾಸರಗೋಡಿನಲ್ಲಿ ಅಕ್ಯುಪಂಕ್ಚರ್: ಸೂಜಿ ಇರಲಿ, ಮಾತ್ರೆಯ ಡಬ್ಬಿಯೂ ಇರಲಿ

ಅಮ್ಮನ ಬಿಪಿ ಮಾತ್ರೆಯ ಡಬ್ಬಿ ಒಂಬತ್ತು ದಿನ ಮುಚ್ಚಿಯೇ ಇತ್ತು. ನಮಗೆ ಗೊತ್ತಾದದ್ದು ಹತ್ತನೇ ದಿನ. ಬೆಳಿಗ್ಗೆ ಎದ್ದವರು ತಲೆ ಸುತ್ತುತ್ತದೆ ಎಂದು ಗೋಡೆ ಹಿಡಿದು ನಿಂತಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಬಿಪಿ 190ರ ಮೇಲೆ ಹೋಗಿತ್ತು. ‘ಮಾತ್ರೆ ಯಾಕಮ್ಮ ಬಿಟ್ಟೆ?’ ಎಂದು ಕೇಳಿದೆ. ‘ಮೊಣಕಾಲು ನೋವಿಗೆ ಸೂಜಿ ಹಾಕಿಸಲು ಹೋದೆನಲ್ಲ, ಅಲ್ಲಿ ಹೇಳಿದರು. ಇನ್ನು ಮಾತ್ರೆ ಬೇಡ, ಮಾತ್ರೆಯಿಂದಲೇ ಶರೀರ ಹಾಳಾಗುವುದು ಅಂತ’ ಎಂದರು.

ಅಮ್ಮನನ್ನು ಸೂಜಿಯ ಕಡೆಗೆ ಕಳಿಸಿದ್ದು ನಾನೇ. ಅದಕ್ಕೆ ಎರಡು ತಿಂಗಳು ಮೊದಲು ನನ್ನ ಭುಜ ಮತ್ತು ಕುತ್ತಿಗೆಯ ನೋವಿಗೆ ಬೇರೊಂದು ಕಡೆ ಆರು ಸಲ ಅಕ್ಯುಪಂಕ್ಚರ್ ಮಾಡಿಸಿಕೊಂಡಿದ್ದೆ. ನೋವು ಕಡಿಮೆಯಾಗಿತ್ತು. ಆ ಖುಷಿಯಲ್ಲಿ ಮನೆಯಲ್ಲಿ, ನೆರೆಕರೆಯಲ್ಲಿ ಎಲ್ಲರಿಗೂ ಹೇಳಿದೆ. ಆದರೆ ಅಮ್ಮ ಹೋದದ್ದು ನಾನು ಹೋದಲ್ಲಿಗೆ ಅಲ್ಲ, ಮನೆಗೆ ಹತ್ತಿರ ಇದ್ದ ಇನ್ನೊಂದು ಕಡೆಗೆ. ಎರಡಕ್ಕೂ ಹೆಸರು ಒಂದೇ. ಒಳಗೆ ನಡೆಯುವುದು ಬೇರೆ ಬೇರೆ. ಆ ವ್ಯತ್ಯಾಸ ಏನು ಅಂತ ನನಗೆ ಮೊದಲೇ ಗೊತ್ತಿದ್ದರೆ ಅಮ್ಮನಿಗೂ ಹೇಳಿ ಕಳಿಸುತ್ತಿದ್ದೆ.

ಇಲ್ಲಿ ಇದು ಇಷ್ಟು ಬೇಗ ಹಬ್ಬಿದ್ದಕ್ಕೆ ಕಾರಣಗಳಿವೆ. ಮೊದಲನೆಯದು ನಮ್ಮ ಕೆಲಸ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಮನೆ ಮನೆಯಲ್ಲೂ ಯಾರಾದರೂ ಒಬ್ಬರಿಗೆ ಹಳೇ ನೋವು ಇದ್ದೇ ಇರುತ್ತದೆ. ಮಡಿಲಲ್ಲಿ ತಡಪೆ ಇಟ್ಟುಕೊಂಡು ತಲೆ ಬಗ್ಗಿಸಿ ಬೀಡಿ ಕಟ್ಟುವವರಿಗೆ ಕುತ್ತಿಗೆ. ಅಡಿಕೆ ಸುಲಿಯುವವರಿಗೆ ಭುಜ, ಮಣಿಕಟ್ಟು. ರಬ್ಬರ್ ಟ್ಯಾಪಿಂಗಿಗೆ ಹೋಗುವವರಿಗೆ ಸೊಂಟ. ಇಂಥ ನೋವು ಒಂದು ಇಂಜೆಕ್ಷನ್ನಿಗೆ ಹೋಗುವುದಿಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣುವುದೂ ಇಲ್ಲ. ಹತ್ತು ವರ್ಷ ನೋವಿನ ಮಾತ್ರೆ ನುಂಗಿದರೆ ಹೊಟ್ಟೆ, ಕಿಡ್ನಿ ಹಾಳಾಗುತ್ತದೆ ಎಂಬ ಭಯವಂತೂ ಸುಮ್ನೆ ಹುಟ್ಟಿದ್ದಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ದೀರ್ಘಕಾಲ ತೆಗೆದುಕೊಂಡರೆ ಹಾಗೆ ಮಾಡಬಲ್ಲವು.

ಎರಡನೆಯದು, ಮನೆಯಲ್ಲೇ ಆರೈಕೆ ಮಾಡಿಕೊಳ್ಳುವುದು ನಮಗೆ ಹೊಸತಲ್ಲ. ಧನ್ವಂತರ ತೈಲ, ಕೊಟ್ಟಂಚುಕ್ಕಾದಿ, ಮುರಿವೆಣ್ಣೆಯ ಬಾಟಲಿ ಇಲ್ಲದ ಮನೆ ಕಾಸರಗೋಡಿನಲ್ಲಿ ಕಡಿಮೆ. ಮಳೆಗಾಲ ಬಂತೆಂದರೆ ಎಣ್ಣೆ ತಿಕ್ಕಿಸಿಕೊಳ್ಳುವುದು, ಕಷಾಯ ಕುಡಿಯುವುದು ಇದ್ದದ್ದೇ. ಆ ಸಾಲಿನಲ್ಲಿ ಸೂಜಿಯೂ ಬಂದು ಕೂತಿತು.

ಮೂರನೆಯದು ದೂರ. ನಮ್ಮಲ್ಲಿ ಗಂಭೀರ ಕಾಯಿಲೆ ಎಂದರೆ ಮಂಗಳೂರು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ನಾವು ಎಷ್ಟು ಆ ಒಂದು ರಸ್ತೆಯನ್ನು ನಂಬಿದ್ದೇವೆ ಎಂದು ಗೊತ್ತಾಯಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಏಳು ವರ್ಷ ಕಳೆದು 2020ರಲ್ಲಿ ಅದರ ಕಟ್ಟಡ ರೋಗಿಗಳಿಗೆ ಮೊದಲು ತೆರೆದದ್ದೇ ಕೋವಿಡ್ ಆಸ್ಪತ್ರೆಯಾಗಿ. ಇಂಥ ಕಡೆ, ಪೇಟೆಯಲ್ಲೇ ಒಬ್ಬರು ಕೂತು, ಅರ್ಧ ಗಂಟೆ ಕೈ ಹಿಡಿದು ‘ಎಲ್ಲಿ ನೋವು, ಎಷ್ಟು ದಿನದಿಂದ, ನಿದ್ರೆ ಬರುತ್ತದಾ’ ಎಂದು ಕೇಳಿದರೆ ಜನ ಹೋಗದೇ ಇರುತ್ತಾರಾ?

ಇನ್ನು ಸೂಜಿಯ ವಿಷಯ. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕಿಂತ ಹಿಂದಿನ ಗ್ರಂಥಗಳಲ್ಲೇ ಇದರ ವಿವರಣೆ ಇದೆ. ಭಾರತಕ್ಕೆ ಬಂದ ಕತೆಯಲ್ಲಿ ಇನ್ನೊಂದು ಗಡಿನಾಡಿನ ಊರೂ ಸಿಗುತ್ತದೆ. 1938ರಲ್ಲಿ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳಲು ಐವರು ಭಾರತೀಯ ವೈದ್ಯರು ಚೀನಾಕ್ಕೆ ಹೋದರು. ಅವರಲ್ಲೊಬ್ಬರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಬಂಗಾಳದ ಡಾ. ಬಿಜಯ್ ಕುಮಾರ್ ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, 1959ರಲ್ಲಿ ಕೋಲ್ಕತ್ತದಲ್ಲಿ ಚಿಕಿತ್ಸೆ ಶುರು ಮಾಡಿದರು. ನಮ್ಮ ದೇಶದಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದವರು ಆಸ್ಪತ್ರೆಯ ವೈದ್ಯರೇ. ಔಷಧದ ವಿರುದ್ಧ ಅವರು ಇದನ್ನು ನಿಲ್ಲಿಸಲಿಲ್ಲ. ಈ ಸಂಗತಿ ನನಗೆ ಮುಖ್ಯ ಎನಿಸುತ್ತದೆ.

ಹಳೇ ವಿವರಣೆಯ ಪ್ರಕಾರ ಶರೀರದಲ್ಲಿ ‘ಚೀ’ ಎಂಬ ಶಕ್ತಿ ಕೆಲವು ದಾರಿಗಳಲ್ಲಿ ಹರಿಯುತ್ತದೆ. ಆ ದಾರಿಗಳ ಮೇಲೆ ಬಿಂದುಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅಂಥ 361 ಬಿಂದುಗಳಿಗೆ ಹೆಸರು, ಸಂಖ್ಯೆ ಇದೆ. ಶರೀರವನ್ನು ಕೊಯ್ದು ನೋಡಿದರೆ ನರ, ರಕ್ತನಾಳ ಸಿಗುತ್ತವೆ, ಆದರೆ ಈ ದಾರಿಗಳು ಸಿಗುವುದಿಲ್ಲ. ಹಾಗಾದರೆ ನೋವು ಕಡಿಮೆಯಾಗುವುದು ಹೇಗೆ? ಸೂಜಿ ಒಳಗೆ ಹೋದಾಗ ಅಲ್ಲಿನ ನರಗಳು ಎಚ್ಚರಗೊಳ್ಳುತ್ತವೆ. ಮಿದುಳು ತನ್ನದೇ ನೋವುನಿವಾರಕವಾದ ಎಂಡಾರ್ಫಿನನ್ನು ಬಿಡುತ್ತದೆ. ಸೂಜಿ ಚುಚ್ಚಿದ ಜಾಗದಲ್ಲಿ ಅಡೆನೊಸಿನ್ ಎಂಬ ವಸ್ತು ಹೆಚ್ಚಾಗಿ ನೋವಿನ ಸಂದೇಶವನ್ನು ತಗ್ಗಿಸುವುದನ್ನು 2010ರಲ್ಲಿ ಇಲಿಗಳ ಮೇಲೆ ನಡೆದ ಒಂದು ಪ್ರಯೋಗ ತೋರಿಸಿತು. ಅಂದರೆ ಶರೀರದಲ್ಲಿ ಏನೋ ಆಗುವುದು ನಿಜ.

ಎಷ್ಟು ಆಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಪರವಾಗಿರುವವರೂ ವಿರೋಧಿಸುವವರೂ ಅರ್ಧ ಲೆಕ್ಕವನ್ನೇ ಹೇಳುವುದು ಜಾಸ್ತಿ.

ಮೈಗ್ರೇನ್ ತಲೆನೋವನ್ನೇ ತೆಗೆದುಕೊಳ್ಳಿ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಸೇರಿಸಿ ತೂಗಿ ನೋಡುವ ಕೊಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಇದೆ. ಅದು 2016ರಲ್ಲಿ 22 ಅಧ್ಯಯನಗಳನ್ನು ನೋಡಿತು. ಅವುಗಳಲ್ಲಿ ಹೆಚ್ಚು ಕಡಿಮೆ 5,000 ಜನರಿದ್ದರು. ಸೂಜಿ ಹಾಕಿಸಿಕೊಂಡವರಲ್ಲಿ 100ಕ್ಕೆ 41 ಜನರಿಗೆ ತಲೆನೋವು ಬರುವುದು ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಕಡಿಮೆಯಾಯಿತು. ಸೂಜಿ ಹಾಕಿಸಿಕೊಳ್ಳದವರಲ್ಲಿ ಹಾಗಾದದ್ದು 17 ಜನರಿಗೆ. ದೊಡ್ಡ ವ್ಯತ್ಯಾಸ ಅಲ್ವಾ? ಆದರೆ ಇನ್ನೊಂದು ಹೋಲಿಕೆಯೂ ಇತ್ತು. ಕೆಲವರಿಗೆ ತೋರಿಕೆಯ ಸೂಜಿ ಹಾಕಿದ್ದರು. ಬಿಂದು ಬಿಟ್ಟು ಬೇರೆಲ್ಲೋ ಮೇಲೆ ಮೇಲೆ ಚುಚ್ಚುವುದು, ಇಲ್ಲವೇ ಚರ್ಮದೊಳಗೆ ಹೋಗದ ಸೂಜಿ ತಾಗಿಸುವುದು. ಆ ಹೋಲಿಕೆಯಲ್ಲಿ ನಿಜವಾದ ಸೂಜಿಯಿಂದ 100ಕ್ಕೆ 50 ಜನರಿಗೆ, ತೋರಿಕೆಯ ಸೂಜಿಯಿಂದ 41 ಜನರಿಗೆ ಅಷ್ಟು ಗುಣ ಕಂಡಿತು. ವ್ಯತ್ಯಾಸ ಇದೆ, ಆದರೆ ಸಣ್ಣದು.

ಸೊಂಟನೋವಿನ ಬಗ್ಗೆ ಜರ್ಮನಿಯಲ್ಲಿ 1,162 ಜನರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2007ರಲ್ಲಿ ಬಂತು. ಆರು ತಿಂಗಳ ನಂತರ ನೋಡಿದಾಗ ನಿಜವಾದ ಅಕ್ಯುಪಂಕ್ಚರ್ ಮಾಡಿಸಿಕೊಂಡವರಲ್ಲಿ ಶೇ 47.6, ತೋರಿಕೆಯದ್ದು ಮಾಡಿಸಿಕೊಂಡವರಲ್ಲಿ ಶೇ 44.2 ಜನರಿಗೆ ಒಳ್ಳೆಯ ಗುಣ ಕಂಡಿತ್ತು. ಔಷಧ, ಫಿಸಿಯೋಥೆರಪಿ, ವ್ಯಾಯಾಮದ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ 27.4 ಮಾತ್ರ. ಈ ಮೂರು ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ತುಂಬಾ ಹೊತ್ತು ಯೋಚಿಸುತ್ತಾ ಕೂತೆ. ಎಲ್ಲಿ ಚುಚ್ಚಿದರೂ ಹತ್ತಿರ ಹತ್ತಿರ ಅಷ್ಟೇ. ಆದರೂ ಎರಡೂ ಮಾಮೂಲಿ ಚಿಕಿತ್ಸೆಗಿಂತ ಮೇಲು!

ನನಗೆ ಅರ್ಥವಾಗುವುದು ಹೀಗೆ. ಅಲ್ಲಿ ಪ್ರತಿ ರೋಗಿಗೂ ಹತ್ತು ಸಲ, ಸಲಕ್ಕೆ ಅರ್ಧ ಗಂಟೆ ಕೊಟ್ಟಿದ್ದರು. ಅಷ್ಟು ಹೊತ್ತು ಒಬ್ಬರು ನಮ್ಮ ನೋವನ್ನೇ ಗಮನಿಸುತ್ತಾರೆ. ನಾವು ಮಲಗಿರುತ್ತೇವೆ, ಫೋನ್ ಇಲ್ಲ, ಕೆಲಸ ಇಲ್ಲ. ಗುಣವಾಗುತ್ತದೆ ಎಂಬ ನಂಬಿಕೆ ಇರುತ್ತದೆ. ಚರ್ಮಕ್ಕೆ, ಸ್ನಾಯುವಿಗೆ ಒಂದು ಸಣ್ಣ ಪ್ರಚೋದನೆ ಸಿಗುತ್ತದೆ. ಇವೆಲ್ಲ ಸೇರಿದ ಫಲ ಅದು. ಬಿಂದು ಸರಿಯಾಗಿ ಹಿಡಿದದ್ದರ ಪಾಲು ಅದರಲ್ಲಿ ಸಣ್ಣದು. ಇದನ್ನು ‘ಬರೀ ಮನಸ್ಸಿನದ್ದು’ ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಹಗಲಿಡೀ ಬೀಡಿ ಕಟ್ಟುವ ಹೆಂಗಸಿಗೆ ವಾರದಲ್ಲಿ ಅರ್ಧ ಗಂಟೆ ಯಾರೂ ಕರೆಯದೆ ಮಲಗಲು ಸಿಕ್ಕುವುದೇ ಒಂದು ಆರೈಕೆ. ಆದರೆ ಇದೇ ಅಂಕಿಗಳು ಇನ್ನೊಂದು ಮಾತನ್ನೂ ಹೇಳುತ್ತವೆ. ಬಿಂದು ಎಲ್ಲಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ ಎಂದಾದರೆ, ‘ಈ ಬಿಂದು ಲಿವರಿಗೆ, ಈ ಬಿಂದು ಶುಗರಿಗೆ, ಇದು ಮುಟ್ಟಿದರೆ ಗಡ್ಡೆ ಕರಗುತ್ತದೆ’ ಎನ್ನುವ ಮಾತಿಗೆ ಆಧಾರವೇ ಇಲ್ಲ.

ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ ಕೂಡ ಇದರಲ್ಲಿ ಒಂದೇ ಮಾತು ಹೇಳಿಲ್ಲ. ಮೈಗ್ರೇನಿಗೆ ಬೇಕಾದರೆ ಹತ್ತು ಸಲದವರೆಗೆ ಮಾಡಿಸಬಹುದು ಎಂದು 2012ರಲ್ಲಿ ಹೇಳಿತು. ಸೊಂಟನೋವಿಗೆ ಕೊಡಬೇಡಿ ಎಂದು 2016ರಲ್ಲಿ ಹೇಳಿತು. ಕಾರಣ ಗೊತ್ತಾಗದ ದೀರ್ಘಕಾಲದ ನೋವಿಗೆ ಪರಿಗಣಿಸಬಹುದು, ಆದರೆ ಒಟ್ಟು ಐದು ಗಂಟೆ ಮೀರಬಾರದು ಎಂದು 2021ರಲ್ಲಿ ಹೇಳಿತು. ಈ ಮಿತಿ ಹಾಕುವ ಕ್ರಮ ನಮಗೂ ಬೇಕು. ಐದಾರು ಸಲದಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಬೇಕು. ‘ಇನ್ನೂ ಇಪ್ಪತ್ತು ಸಲ ಬೇಕು’ ಎಂದು ಮುಂಗಡ ಹಣ ಕೇಳಿದರೆ ಎದ್ದು ಬರುವುದು ಒಳ್ಳೆಯದು.

ನನ್ನ ಅನುಭವವನ್ನೂ ಹೇಳುತ್ತೇನೆ. ನಾನು ಹೋದಲ್ಲಿ ಇದ್ದವರು ಪ್ರಕೃತಿ ಚಿಕಿತ್ಸೆಯ ಪದವಿ ಓದಿದ ವೈದ್ಯೆ. ಮೊದಲು ಕೇಳಿದ್ದು, ‘ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ?’ ಎಂದು. ಆಮೇಲೆ ಕೈ ಎತ್ತಿಸಿ, ತಿರುಗಿಸಿ, ಬೆರಳು ಜೋಮು ಹಿಡಿಯುತ್ತದಾ ಎಂದು ನೋಡಿದರು. ಪ್ಯಾಕೆಟ್ ನನ್ನ ಎದುರಲ್ಲೇ ಒಡೆದರು. ಸೂಜಿ ಕೂದಲಿನಷ್ಟು ಸಪೂರ. ಇಂಜೆಕ್ಷನ್ ಸೂಜಿಯ ಅರ್ಧದಷ್ಟೂ ದಪ್ಪ ಇರಲಿಲ್ಲ. ಒಳಗೆ ಹೋಗುವಾಗ ಇರುವೆ ಕಚ್ಚಿದ ಹಾಗೆ, ಆಮೇಲೆ ಒಂಥರಾ ಭಾರ, ಎಳೆದ ಹಾಗೆ. ಎರಡನೇ ಸಲ ಅಲ್ಲೇ ನಿದ್ದೆ ಹೋದೆ. ಅವರು ಎರಡು ವ್ಯಾಯಾಮ ಹೇಳಿಕೊಟ್ಟರು, ದಿಂಬು ತಗ್ಗಿಸಲು ಹೇಳಿದರು. ಆರು ವಾರದಲ್ಲಿ ಸುಲಭವಾಗಿ ಕೊಡಪಾನ ಎತ್ತುವಷ್ಟಾಯಿತು. ಅದರಲ್ಲಿ ಸೂಜಿಯ ಪಾಲೂ ಇತ್ತು, ದಿಂಬಿನ ಪಾಲೂ ಇತ್ತು. ಊರಿಗೆ ಹೇಳುವಾಗ ಮಾತ್ರ ನಾನು ಸೂಜಿಯ ಹೆಸರನ್ನಷ್ಟೇ ಹೇಳಿದೆ. ಅದು ತಪ್ಪಾಯಿತು.

ಅಮ್ಮ ಹೋದಲ್ಲಿ ಬಿಪಿ ನೋಡಲೇ ಇಲ್ಲ. ಸೂಜಿಯೂ ಎರಡು ಸಲ ಮಾತ್ರ. ಮತ್ತೆ ಬೆರಳಿಂದ ಮುಟ್ಟುವುದು, ಅಷ್ಟೇ. ಜೊತೆಗೆ ದೊಡ್ಡ ಉಪದೇಶ: ಜ್ವರ ಬಂದರೆ ಒಳ್ಳೆಯದು, ಶರೀರ ಕಸ ಹೊರಹಾಕುತ್ತಿದೆ, ಮಾತ್ರೆ ವಿಷ, ಲ್ಯಾಬ್ ಪರೀಕ್ಷೆ ಬರೀ ಹೆದರಿಸುವುದಕ್ಕೆ. ಹೀಗೆ ಔಷಧವನ್ನೇ ಬೇಡ ಎನ್ನುವ ಒಂದು ಧಾರೆ ಅಕ್ಯುಪಂಕ್ಚರ್ ಹೆಸರಿನಲ್ಲಿ ಕೇರಳದಲ್ಲೂ ತಮಿಳುನಾಡಿನಲ್ಲೂ ಬೆಳೆದಿದೆ. ಅದರ ಕೊನೆ ಎಲ್ಲಿಗೆ ಮುಟ್ಟಬಹುದು ಎಂದು 2024ರ ಫೆಬ್ರವರಿಯಲ್ಲಿ ತಿರುವನಂತಪುರದ ನೇಮಂನಲ್ಲಿ ಎಲ್ಲರೂ ನೋಡಿದರು. ಆಸ್ಪತ್ರೆಗೆ ಹೋಗಿ ಎಂದು ಆರೋಗ್ಯ ಕಾರ್ಯಕರ್ತರು ಹೇಳಿದ್ದರೂ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ ತಾಯಿ, ಮಗು ಇಬ್ಬರೂ ತೀರಿಕೊಂಡರು. ಗಂಡನನ್ನೂ, ಚಿಕಿತ್ಸೆ ಕೊಡುತ್ತಿದ್ದ ಅಕ್ಯುಪಂಕ್ಚರ್‌ನವರನ್ನೂ ಪೊಲೀಸರು ಬಂಧಿಸಿದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇದನ್ನು ತಡೆಯಲು ಕಾನೂನು ಇಲ್ಲವೇ ಎಂದು ಕೇಳಬಹುದು. ಕೇಂದ್ರ ಸರ್ಕಾರ 2003ರಲ್ಲಿ ಅಕ್ಯುಪಂಕ್ಚರನ್ನು ಒಂದು ಚಿಕಿತ್ಸಾ ವಿಧಾನ ಎಂದು ಒಪ್ಪಿತು. ನೋಂದಾಯಿತ ವೈದ್ಯರು ಅಥವಾ ಸರಿಯಾದ ತರಬೇತಿ ಇದ್ದವರು ಮಾಡಬಹುದು ಎಂದಿತು. 2019ರಲ್ಲಿ ಸ್ವತಂತ್ರ ಆರೋಗ್ಯ ಪದ್ಧತಿ ಎಂದು ಮನ್ನಣೆ ಕೊಟ್ಟಿತು. ಆದರೆ ಯಾರು ಕಲಿತವರು, ಯಾರು ಅಲ್ಲ ಎಂದು ಜನರಿಗೆ ಗೊತ್ತಾಗಬೇಕಾದರೆ ರಾಜ್ಯದಲ್ಲಿ ನೋಂದಣಿ ಬೇಕು. ಪಶ್ಚಿಮ ಬಂಗಾಳದಲ್ಲಿ 1996ರ ಕಾಯ್ದೆ ಇದೆ. ಮಹಾರಾಷ್ಟ್ರದಲ್ಲಿ 2015ರ ಕಾಯ್ದೆ ಇದೆ, ಅದರಡಿ ಮಂಡಳಿಯೂ ಇದೆ. ಹಾಗಾಗಿ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರು ‘ನಿಮ್ಮ ಮಂಡಳಿ ನೋಂದಣಿ ತೋರಿಸಿ’ ಎಂದು ಕೇಳಬಹುದು. ಕೇರಳದಲ್ಲಿ ಇದಕ್ಕೆಂದೇ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಕೆಲವು ತಿಂಗಳ ಕೋರ್ಸು ಮಾಡಿದವರೂ ಐದೂವರೆ ವರ್ಷ ಓದಿದವರೂ ಒಂದೇ ಥರದ ಬೋರ್ಡು ಹಾಕಬಹುದಾದ ಸ್ಥಿತಿ. ಇದನ್ನು ಸರಿಮಾಡಲು ನಾವು ಕೇಳಬೇಕು. ಅಕ್ಯುಪಂಕ್ಚರನ್ನು ಪ್ರೀತಿಸುವವರು ಎಲ್ಲರಿಗಿಂತ ಮೊದಲು ಕೇಳಬೇಕು.

ಅಲ್ಲಿವರೆಗೆ ನಾವೇ ನೋಡಿಕೊಳ್ಳಬೇಕು. ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿಯಲ್ಲಿ ಅಕ್ಯುಪಂಕ್ಚರ್ ಪಾಠದ ಭಾಗ. ಗಡಿಯಾಚೆ ಉಜಿರೆ, ಮೂಡುಬಿದಿರೆಯಲ್ಲಿ ಆ ಕಾಲೇಜುಗಳಿವೆ, ಅಲ್ಲಿ ಕಲಿತವರು ನಮ್ಮ ಕಡೆಯೂ ಇದ್ದಾರೆ. ಕನ್ನಡದಲ್ಲೇ ಮಾತಾಡಬಹುದು ಎಂಬುದು ಇನ್ನೊಂದು ಅನುಕೂಲ. ಇದು ಸಣ್ಣ ವಿಷಯ ಅಲ್ಲ. ಒಳಗೆ ಹೋದ ಕೂಡಲೇ ಮಲಯಾಳದಲ್ಲಿ ಅಚ್ಚಾದ ಒಂದು ಕಾಗದಕ್ಕೆ ಅಮ್ಮ ಸಹಿ ಹಾಕಿದ್ದರು. ಅವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಮನೆಗಳಲ್ಲಿ ಹೀಗಿರುವ ಹಿರಿಯರು ಎಷ್ಟು ಜನ! ಓದಿ ಹೇಳದ ಕಾಗದಕ್ಕೆ ಸಹಿ ಬೇಡ ಎಂದು ಅವರಿಗೆ ಹೇಳಿಕೊಡಬೇಕು.

ಕಲಿತವರ ಕೈಯಲ್ಲಿ ಅಪಾಯ ಕಡಿಮೆ. ಜರ್ಮನಿಯಲ್ಲಿ 2,29,230 ಜನರನ್ನು ಗಮನಿಸಿದ ಒಂದು ಅಧ್ಯಯನದಲ್ಲಿ ಶೇ 8.6 ಜನರಿಗೆ ಏನಾದರೂ ಸಣ್ಣಪುಟ್ಟ ತೊಂದರೆ ಆಗಿತ್ತು, ಹೆಚ್ಚಾಗಿ ಸ್ವಲ್ಪ ರಕ್ತ ಬರುವುದು, ಚರ್ಮ ಕಂದುವುದು, ನೋವು. ಇಬ್ಬರಿಗೆ ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಸೋರಿತ್ತು. ಭುಜದ ಮೇಲೆ, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಚುಚ್ಚುವಾಗ ಶರೀರದ ರಚನೆ ಗೊತ್ತಿರಬೇಕು ಎನ್ನುವುದು ಇದಕ್ಕೇ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲೇ ಹೇಳಬೇಕು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ಕ್ರಮ ಆಗದು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ ಹರಡಬಹುದು. ಆನ್‌ಲೈನಿನಲ್ಲಿ ಸೂಜಿ ತರಿಸಿ ಮನೆಯಲ್ಲೇ ಚುಚ್ಚಿಕೊಳ್ಳುವುದಂತೂ ಬೇಡವೇ ಬೇಡ.

ಮನೆಯಲ್ಲಿ ಮಾಡಬಹುದಾದದ್ದು ಬೆರಳಿನಿಂದ ಒತ್ತುವುದು. ಅಂಗೈ ಕಡೆಯಿಂದ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುಹುರಿಗಳ ನಡುವೆ ಒಂದು ಜಾಗವಿದೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ಇದನ್ನು ಒತ್ತುವುದರಿಂದ, ಇಲ್ಲಿ ಸೂಜಿ ಹಾಕುವುದರಿಂದ ಪ್ರಯೋಜನವಿದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆ. ಸುಳ್ಯದಿಂದ ಮಡಿಕೇರಿ ಘಾಟಿ ಹತ್ತುವ ಬಸ್ಸಿನಲ್ಲಿ ನಾನು ಮಗಳಿಗೆ ಇದನ್ನು ಒತ್ತುತ್ತೇನೆ. ಖರ್ಚಿಲ್ಲ, ಹಾನಿಯಿಲ್ಲ. ಆದರೆ ಜಾತ್ರೆಯಲ್ಲಿ ಸಿಗುವ ಮುಳ್ಳುಮುಳ್ಳಿನ ಅಕ್ಯುಪ್ರೆಷರ್ ಚಪ್ಪಲಿಯನ್ನು ಶುಗರ್ ಇರುವವರಿಗೆ ಉಡುಗೊರೆ ಕೊಡಬೇಡಿ. ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಗಾಯ ಆದದ್ದೇ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಮತ್ತೆ ಆ ದೂರವೇ. ದೊಡ್ಡ ಆಸ್ಪತ್ರೆಯ ಪಕ್ಕದಲ್ಲಿರುವವರು ಮಾತ್ರೆ ಬಿಟ್ಟು ಎಡವಟ್ಟಾದರೆ ಹತ್ತು ನಿಮಿಷದಲ್ಲಿ ತಲಪುತ್ತಾರೆ. ಪಾರ್ಶ್ವವಾಯು ಹೊಡೆದಾಗ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ಸಮಯ ನಾಲ್ಕೂವರೆ ಗಂಟೆ. ಎಣ್ಮಕಜೆಯ ಒಳಗಿನ ಒಂದು ಮನೆಯಿಂದ ಜೀಪು ಸಿಕ್ಕಿ, ಮುಖ್ಯರಸ್ತೆಗೆ ಬಂದು, ಮಂಗಳೂರು ಮುಟ್ಟಿ, ಸ್ಕ್ಯಾನ್ ಆಗುವಷ್ಟರಲ್ಲಿ ಅದರಲ್ಲಿ ಎಷ್ಟು ಉಳಿಯುತ್ತದೆ? ಬಿಪಿ ಮಾತ್ರೆ ನಿಲ್ಲಿಸಿ ಎಂದು ಹೇಳುವವರು ಈ ಲೆಕ್ಕ ಹಾಕಿರುವುದಿಲ್ಲ. ಮಾತ್ರೆ ಕಡಿಮೆ ಮಾಡಬೇಕು ಎನಿಸಿದರೆ ಅದನ್ನು ಬರೆದುಕೊಟ್ಟ ವೈದ್ಯರ ಹತ್ತಿರವೇ ಮಾತಾಡಬೇಕು.

ಅಮ್ಮ ಈಗ ಹುಷಾರಾಗಿದ್ದಾರೆ. ಮೊಣಕಾಲಿಗೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಕಾಲು ನೀಡುವ ವ್ಯಾಯಾಮ, ಸಂಜೆ ಎಣ್ಣೆ.

ಕಳೆದ ತಿಂಗಳು ಪಕ್ಕದ ಮನೆಯ ಅಕ್ಕ ಬಂದು, ‘ನನ್ನ ಭುಜಕ್ಕೂ ಸೂಜಿ ಹಾಕಿಸಲಾ? ಕೈ ಮೇಲೆತ್ತಲೇ ಆಗುವುದಿಲ್ಲ ಮಾರಾಯ್ತಿ’ ಎಂದು ಕೇಳಿದರು. ಮೂವತ್ತು ವರ್ಷದಿಂದ ಬೀಡಿ ಕಟ್ಟಿದ ಕೈ ಅದು. ಈ ಸಲ ನಾನು ಸುಮ್ಮನೆ ಹೂಂ ಎನ್ನಲಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಜೊತೆಗೆ ಹೋದೆ. ರಕ್ತ ಪರೀಕ್ಷೆಯಲ್ಲಿ ಶುಗರ್ ಇರುವುದು ಗೊತ್ತಾಯಿತು. ಶುಗರ್ ಇರುವವರಲ್ಲಿ ಹೀಗೆ ಭುಜ ಬಿಗಿದುಕೊಳ್ಳುವುದು ಜಾಸ್ತಿ ಎಂದು ಡಾಕ್ಟರು ಹೇಳಿದರು. ಈಗ ಅಕ್ಕ ಶುಗರಿನ ಮಾತ್ರೆ ತೆಗೆದುಕೊಳ್ಳುತ್ತಾರೆ, ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡುತ್ತಾರೆ. ಬ್ರಾಂಚಿಗೆ ಬೀಡಿ ಕೊಟ್ಟು ಬರುವ ಶನಿವಾರ, ನಾನು ಹೋಗುತ್ತಿದ್ದ ಆ ವೈದ್ಯೆಯ ಹತ್ತಿರ ಹೋಗಿ ಸೂಜಿ ಹಾಕಿಸಿಕೊಂಡು ಅರ್ಧ ಗಂಟೆ ಮಲಗಿ ಬರುತ್ತಾರೆ. ಮೊನ್ನೆ ಅವರ ಮನೆಗೆ ಹೋದಾಗ ತಲೆಗೆ ತಾವೇ ಎಣ್ಣೆ ಹಾಕಿಕೊಳ್ಳುತ್ತಿದ್ದರು.